ಡ್ರಾಕುಲಾ ಮತ್ತು ಅವನ ನಟರು: ಒಬ್ಬ ಶ್ರಾವಕನ ನೋಟ

ಜೈನನಾದವನು ಡ್ರಾಕುಲಾನನ್ನು ನಂಬುವಂತಿಲ್ಲ. ಇದು ಆಧುನಿಕ ವಿಚಾರವಂತಿಕೆಯ ಮಾತಲ್ಲ, ಶಾಸ್ತ್ರದ ಮಾತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದರ್ಶನಮೋಹದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಕೇವಲಿ, ಶ್ರುತ, ಸಂಘ, ಧರ್ಮ, ದೇವ ಎಂಬ ಐದರ ಅವರ್ಣವಾದವನ್ನು, ಎಂದರೆ ಇಲ್ಲದ ದೋಷವನ್ನು ಹೊರಿಸಿ ನಿಂದಿಸುವುದನ್ನು ಎಣಿಸಲಾಗಿದೆ. ದೇವಾವರ್ಣವಾದವೆಂದರೇನು ಎಂಬುದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಸ್ವಾರಸ್ಯಕರವಾದುದು: ದೇವತೆಗಳು ಮದ್ಯಮಾಂಸಗಳನ್ನು ಸೇವಿಸುತ್ತಾರೆಂದು ಸಾರುವುದು. ಈ ದೇವತೆಗಳೊಳಗೆ ವ್ಯಂತರರೂ ಇದ್ದಾರೆ. ವ್ಯಂತರರ ಎಂಟು ಭೇದಗಳಲ್ಲಿ ಕೊನೆಯ ಮೂರು ರಾಕ್ಷಸ, ಭೂತ, ಪಿಶಾಚ. ಅವರ ಆಹಾರ ಮಾನಸಿಕವಾದುದು. ಪಿಶಾಚಿ ರಕ್ತ ಕುಡಿಯುತ್ತದೆ ಎಂದರೆ ಪಿಶಾಚಿಯ ಮೇಲೆ ಮಿಥ್ಯಾರೋಪ ಹೊರಿಸಿದಂತೆ! ಹೀಗಿರುವಾಗ ಸತ್ತ ಮೇಲೂ ಶವಪೆಟ್ಟಿಗೆಯಿಂದೆದ್ದು ಬಂದು ಬದುಕಿರುವವರ ಕೊರಳಿಗೆ ಬಾಯಿಡುವ ಜೀವಕ್ಕೆ ನಮ್ಮ ಲೋಕಸ್ವರೂಪದಲ್ಲಿ ಎಡೆಯೇ ಇಲ್ಲ. ನಾಲ್ಕು ಗತಿಗಳಲ್ಲಿ ಎಲ್ಲಿಯಾದರೂ ಅವನನ್ನು ಇರಿಸಲೇಬೇಕೆಂದರೆ ತಿರ್ಯಂಚನೆಂದೋ ಮನುಷ್ಯನೆಂದೋ ಇರಿಸಬೇಕು. ಮೃಗವೋ ಮನುಷ್ಯನೋ? ನೂರು ವರ್ಷಗಳಿಂದ ಈ ಪಾತ್ರವನ್ನು ವಹಿಸಿದ ನಟರು ತಮಗರಿವಿಲ್ಲದೆಯೇ ಉತ್ತರಿಸುತ್ತ ಬಂದಿರುವುದು ಈ ಪ್ರಶ್ನೆಗೇ ಎಂದು ನನಗೆ ತೋರುತ್ತದೆ.

ರಾತ್ರಿಭೋಜನವನ್ನು ತ್ಯಜಿಸಿದ ಮನೆತನದವನು, ಸೂರ್ಯಾಸ್ತವಾದ ಮೇಲಷ್ಟೇ ಊಟಕ್ಕೇಳುವವನ ಕಥೆಯನ್ನು ಇಷ್ಟು ಆಸ್ಥೆಯಿಂದ ನೋಡುವುದೇಕೆಂದು ಸ್ನೇಹಿತರು ಕೇಳುವುದುಂಟು. ಕಾರಣ ಬೇರೆ ಕಡೆಯಿದೆ. ಜೈನ ರಾಮಾಯಣಗಳ ಬಗೆಗೆ ಎಲ್ಲಿ ಮಾತನಾಡಿದರೂ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ: ರಾವಣನನ್ನು ಇಷ್ಟು ದೊಡ್ಡವನನ್ನಾಗಿ ಮಾಡಿದರೆ ಸೀತೆಗೆ ಅನ್ಯಾಯ ಮಾಡಿದಂತಾಗಲಿಲ್ಲವೇ? ಅಪಹರಿಸಿದವನ ದುಃಖವನ್ನು ನಾವು ಕೇಳುತ್ತ ಕುಳಿತರೆ ಅಪಹೃತಳ ದುಃಖವನ್ನು ಕೇಳುವವರಾರು? ಈ ಪ್ರಶ್ನೆಗೆ ನಾಗಚಂದ್ರನ ಕಾವ್ಯವನ್ನು ಮುಂದಿಟ್ಟುಕೊಂಡು ನಾನು ಕೊಡುವ ಉತ್ತರ ಕೇಳುವವರನ್ನು ಅಷ್ಟಾಗಿ ತೃಪ್ತಿಪಡಿಸುವುದಿಲ್ಲ. ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಪಶ್ಚಿಮದ ಚಲನಚಿತ್ರರಂಗದಲ್ಲಿ ಒಬ್ಬ ಖಳನು ಕೇವಲ ಎಪ್ಪತ್ತು ವರ್ಷಗಳ ಅವಧಿಯಲ್ಲಿ ಇಲಿಯ ಮುಖದ ಭೂತದಿಂದ ವಿರಹಿಯಾದ ನಾಯಕನವರೆಗೆ ನಡೆದುಬಂದದ್ದನ್ನು ಕಂಡಾಗ ನಮ್ಮ ಕವಿಗಳು ಶತಮಾನಗಳಲ್ಲಿ ನಡೆದ ದಾರಿಯೇ ಕಣ್ಣಮುಂದೆ ಬೇಗಬೇಗನೆ ಬಿಚ್ಚಿಕೊಂಡಂತಾಯಿತು.

ಮೂಲದಿಂದ ತೊಡಗಬೇಕು. ಡಬ್ಲಿನ್ನಿನವನಾದ ಬ್ರಾಂ ಸ್ಟೋಕರ್ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮಹಾನಟ ಹೆನ್ರಿ ಇರ್ವಿಂಗನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವನು. ಅವನ ಕಾದಂಬರಿ 'ಡ್ರಾಕುಲಾ' ಪ್ರಕಟವಾದದ್ದು 1897ರಲ್ಲಿ. ನಾಟಕದ ಹಕ್ಕು ಕೈತಪ್ಪದಿರಲೆಂದು ಅದೇ ವರ್ಷದ ಮೇ ತಿಂಗಳಲ್ಲಿ ಅದೇ ರಂಗಮಂದಿರದಲ್ಲಿ ಅದರ ವಾಚನವೂ ನಡೆಯಿತು. ಇರ್ವಿಂಗ್ ಮಾತ್ರ ಆ ಪಾತ್ರವನ್ನು ಎಂದೂ ವಹಿಸಲಿಲ್ಲ. ಕಾದಂಬರಿಯ ರಚನೆಯಲ್ಲಿ ದರ್ಶನಶಾಸ್ತ್ರದ ವಿದ್ಯಾರ್ಥಿಗೆ ತಟ್ಟನೆ ಪರಿಚಿತವೆನಿಸುವ ಒಂದು ಸಂಗತಿಯಿದೆ. ಅದು ಪೂರ್ತಿಯಾಗಿ ದಿನಚರಿ, ಪತ್ರ, ತಂತಿ, ಪತ್ರಿಕಾವರದಿಗಳಿಂದ ಕಟ್ಟಿದ ಗ್ರಂಥ. ಎಲ್ಲರೂ ಬರೆಯುತ್ತಾರೆ, ಡ್ರಾಕುಲಾ ಒಬ್ಬನು ಬರೆಯುವುದಿಲ್ಲ. ಅವನ ಮಾತುಗಳೆಲ್ಲ ಅವನನ್ನು ಕೊಲ್ಲಲು ಹೊರಟವರ ದಿನಚರಿಗಳಲ್ಲಿ ಉಳಿದವು. ಚಾರ್ವಾಕರ ಮತವನ್ನು ನಾವು ತಿಳಿಯುವುದು ಬಹುಮಟ್ಟಿಗೆ ಅದನ್ನು ಖಂಡಿಸಿದವರ ಪೂರ್ವಪಕ್ಷದಿಂದಲ್ಲವೇ? ಡ್ರಾಕುಲಾನೂ ಹಾಗೆ ಪೂರ್ವಪಕ್ಷವಾಗಿಯೇ ಉಳಿದ ವ್ಯಕ್ತಿ. ಕೋಟೆಯಲ್ಲಿ ನಡೆಯುವ ಮೊದಲ ನಾಲ್ಕು ಅಧ್ಯಾಯಗಳನ್ನು ಬಿಟ್ಟರೆ ಉಳಿದ ಕಡೆ ಅವನು ಕಾಣಿಸಿಕೊಳ್ಳುವುದೂ ವಿರಳ. ಈ ಖಾಲಿ ಜಾಗವನ್ನೇ ನಟರು ತುಂಬಿದರು.

ಸ್ಟೋಕರನು ವರ್ಣಿಸಿದ ಡ್ರಾಕುಲಾ ಬಿಳಿಯ ದಟ್ಟ ಮೀಸೆಯ, ಅಂಗೈಯಲ್ಲಿ ಕೂದಲಿರುವ, ರಕ್ತ ಕುಡಿದಂತೆಲ್ಲ ಯೌವನಕ್ಕೆ ಮರಳುವ ಮುದುಕ. ಅವನು ಹಗಲಿನಲ್ಲಿಯೂ ಲಂಡನ್ನಿನ ಬೀದಿಯಲ್ಲಿ ತಿರುಗಾಡಬಲ್ಲ. ತೆರೆಯ ಮೇಲೆ ಈ ಮುದುಕನನ್ನು ಕಂಡವರು ಕಡಿಮೆ. ಸೂರ್ಯಕಿರಣ ಬಿದ್ದೊಡನೆ ರಕ್ತಪಿಶಾಚಿ ನಾಶವಾಗುವುದೆಂಬ, ಇಂದು ಮಕ್ಕಳಿಗೂ ಗೊತ್ತಿರುವ ನಿಯಮವು ಕಾದಂಬರಿಯದಲ್ಲ. 1922ರ ಜರ್ಮನ್ ಮೂಕಚಿತ್ರ 'ನೊಸ್ಫೆರಾಟು'ವಿನದು.

ಆ ಚಿತ್ರದ ನಿರ್ದೇಶಕ ಮುರ್ನಾವ್. ಕೌಂಟ್ ಓರ್ಲೋಕನೆಂಬ ಹೆಸರಿನಲ್ಲಿ ಡ್ರಾಕುಲಾನಾದವನು ಮ್ಯಾಕ್ಸ್ ಶ್ರೆಕ್. ಜರ್ಮನ್ ಭಾಷೆಯಲ್ಲಿ ಶ್ರೆಕ್ ಎಂದರೆ ಭಯವೆಂದೇ ಅರ್ಥ, ಆದರೂ ಅದು ಅವನ ನಿಜವಾದ ಹೆಸರು. ಅನುಮತಿ ಪಡೆಯದೆ ತೆಗೆದ ಚಿತ್ರವೆಂದು ಸ್ಟೋಕರನ ವಿಧವೆ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು 1925ರಲ್ಲಿ ತೀರ್ಪಾಯಿತು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಶವಪೆಟ್ಟಿಗೆಯಿಂದ ಬಾಗದೆ ಬಳುಕದೆ ಹಲಗೆಯಂತೆ ನೇರವಾಗಿ ಮೇಲೇಳುವ ಆ ದೇಹವನ್ನು, ಮೆಟ್ಟಿಲೇರುವ ನೀಳ ಉಗುರುಗಳ ಆ ನೆರಳನ್ನು ಒಮ್ಮೆ ನೋಡಿದವರು ಮರೆಯಲಾರರು. ಶ್ರೆಕ್‌ನ ಮುಂದಿನ ಹಲ್ಲುಗಳು ಇಲಿಯವು. ಅವನು ಹೋದಲ್ಲಿಗೆ ಇಲಿಗಳೂ ಪ್ಲೇಗೂ ಹೋಗುತ್ತವೆ. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಇದು ಶುದ್ಧ ಬಣ್ಣದ ವೇಷ. ಮುಖವೇ ಇಲ್ಲಿ ಅರ್ಥಗಾರಿಕೆಯನ್ನೂ ಮಾಡಿಬಿಡುತ್ತದೆ, ಮಾತಿನ ಅಗತ್ಯವಿಲ್ಲ.

ಶ್ರೆಕ್ ದೊಡ್ಡ ನಟನೆಂಬುದರಲ್ಲಿ ನನಗೆ ಸಂದೇಹವಿಲ್ಲ. ತನ್ನ ದೇಹದಿಂದ ಮನುಷ್ಯತ್ವವನ್ನು ಪೂರ್ತಿಯಾಗಿ ತೆಗೆದುಹಾಕುವುದು ಸುಲಭವಲ್ಲ. ಆದರೆ ಅವನ ಓರ್ಲೋಕನನ್ನು ನೋಡುವಾಗ ನನ್ನಲ್ಲಿ ಒಂದು ಅಸಮಾಧಾನ ಉಳಿಯುತ್ತದೆ. ಹಸಿದ ಇಲಿಗೆ ಪಾಪವೆಲ್ಲಿಯದು? ಅವನಲ್ಲಿ ಆಯ್ಕೆಯಿಲ್ಲ, ಆದ್ದರಿಂದ ಹೊಣೆಯೂ ಇಲ್ಲ. ನೋಡುವ ನಮಗೂ ಅವನೊಂದಿಗೆ ಯಾವ ಸಂಬಂಧವೂ ಇಲ್ಲ. ಭಯಪಟ್ಟು, ಕೊನೆಗೆ ಅವನು ಹೊಗೆಯಾಗಿ ಹೋದಾಗ ನೆಮ್ಮದಿಯಿಂದ ಮನೆಗೆ ಮರಳಬಹುದು. ಆ ಕೊಕ್ಕೆಮೂಗು, ಪೂರ್ವದ ನಾಡಿನಿಂದ ಬಂದು ಊರಿಗೆ ರೋಗ ಹಚ್ಚುವ ಆ ಹೊರಗಿನವನ ಚಿತ್ರ, ಇವು ಅಂದಿನ ಜರ್ಮನಿಯಲ್ಲಿ ಯಹೂದಿಗಳ ವಿರುದ್ಧ ಹರಡುತ್ತಿದ್ದ ವ್ಯಂಗ್ಯಚಿತ್ರಗಳಿಗೆ ತೀರ ಹತ್ತಿರವಾಗಿವೆಯೆಂದು ಅನೇಕ ವಿಮರ್ಶಕರು ಬರೆದಿದ್ದಾರೆ. ಚಿತ್ರಕಥೆ ಬರೆದ ಹೆನ್ರಿಕ್ ಗಾಲೀನನೂ ಕ್ನಾಕ್‌ನ ಪಾತ್ರ ವಹಿಸಿದ ಅಲೆಕ್ಸಾಂಡರ್ ಗ್ರಾನಾಕನೂ ಸ್ವತಃ ಯಹೂದಿಗಳು ಎಂಬುದು ಈ ಚರ್ಚೆಯನ್ನು ಜಟಿಲಗೊಳಿಸುತ್ತದೆ, ಮುಗಿಸುವುದಿಲ್ಲ. ತಯಾರಕರ ಉದ್ದೇಶ ಏನೇ ಇದ್ದಿರಲಿ, ನೆರೆಯವನನ್ನು ಇಲಿಯೆಂದು ಕಾಣುವ ಅಭ್ಯಾಸ ಹತ್ತಿಪ್ಪತ್ತು ವರ್ಷಗಳಲ್ಲಿ ಆ ದೇಶವನ್ನು ಎಲ್ಲಿಗೆ ಒಯ್ದಿತೆಂಬುದು ನಮಗೆ ಗೊತ್ತಿದೆ.

ಇಲ್ಲಿ ವಿಮಲಸೂರಿ ನೆನಪಾಗುತ್ತಾನೆ. ಪ್ರಾಕೃತದ ಪಉಮಚರಿಯದಲ್ಲಿ ಶ್ರೇಣಿಕ ಮಹಾರಾಜನು ಗೌತಮ ಗಣಧರರ ಮುಂದಿಡುವ ಸಂದೇಹಗಳೇ ಕಥೆಗೆ ಮೊದಲು. ರಾವಣಾದಿಗಳು ಮಾಂಸರಕ್ತಗಳನ್ನು ತಿನ್ನುವ ರಾಕ್ಷಸರೆಂದು ಜನ ಹೇಳುವುದು ನಿಜವೇ? ಉತ್ತರ ನಮಗೆಲ್ಲ ತಿಳಿದಿರುವುದೇ. ರಾಕ್ಷಸವೆಂಬುದು ಒಂದು ವಂಶದ ಹೆಸರು, ಅವರು ವಿದ್ಯಾಧರರು. ವಾನರರೆಂಬವರು ಕಪಿಗಳಲ್ಲ, ಕಪಿಯ ಲಾಂಛನವುಳ್ಳವರು. ಇದನ್ನು ಬರಿಯ ಪೌರಾಣಿಕ ತರ್ಕವೆಂದು ಬದಿಗಿಡುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಒಂದು ನೈತಿಕ ಹಟ: ಎದುರಾಳಿಯ ಮುಖಕ್ಕೆ ಬಳಿದ ಬಣ್ಣವನ್ನು ಒರೆಸಿ, ಕೆಳಗೆ ಮನುಷ್ಯನ ಮುಖವೇ ಇದೆಯೆಂದು ತೋರಿಸಿ, ಅನಂತರವೇ ಅವನ ತಪ್ಪನ್ನು ವಿಚಾರಿಸುವುದು.

ಬಣ್ಣ ಒರೆಸಿದವರಲ್ಲಿ ಮೊದಲಿಗ ಬೇಲಾ ಲುಗೋಸಿ. ಅವನು ಹುಟ್ಟಿದ್ದು 1882ರಲ್ಲಿ, ಅಂದು ಹಂಗೇರಿಗೆ ಸೇರಿದ್ದು ಇಂದು ರೊಮೇನಿಯಾದಲ್ಲಿರುವ ಲುಗೋಶ್ ಎಂಬ ಊರಿನಲ್ಲಿ. ಊರಿನ ಹೆಸರನ್ನೇ ರಂಗನಾಮ ಮಾಡಿಕೊಂಡ. ನಟರ ಸಂಘಟನೆಯಲ್ಲಿ ತೊಡಗಿದ್ದುದರಿಂದ 1919ರಲ್ಲಿ ಬೇಲಾ ಕುನ್‌ನ ಸರ್ಕಾರ ಬಿದ್ದ ಮೇಲೆ ದೇಶ ಬಿಡಬೇಕಾಯಿತು. ಅಮೆರಿಕೆಗೆ ಬಂದು 1927ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಡ್ರಾಕುಲಾನಾದ. 1931ರಲ್ಲಿ ಟಾಡ್ ಬ್ರೌನಿಂಗನ ಚಿತ್ರದಲ್ಲಿ ಅದೇ ಪಾತ್ರ. ನಿರ್ಮಾಣ ಸಂಸ್ಥೆಗೆ ಅವನು ಮೊದಲ ಆಯ್ಕೆಯಾಗಿರಲಿಲ್ಲ, ಕೊಟ್ಟ ಸಂಬಳವೂ ಅಲ್ಪ.

ಲುಗೋಸಿಯ ಬಾಯಲ್ಲಿ ಕೋರೆಹಲ್ಲುಗಳು ಕಾಣುವುದಿಲ್ಲ. ಅವನು ಕಚ್ಚುವುದನ್ನು ಚಿತ್ರ ತೋರಿಸುವುದಿಲ್ಲ. ತಲೆ ಬಾಚಿ, ಸಂಜೆಯ ಔತಣದ ಉಡುಪು ತೊಟ್ಟು, ಕೈಯಲ್ಲಿ ದೀಪ ಹಿಡಿದು ಅತಿಥಿಯನ್ನು ಬರಮಾಡಿಕೊಳ್ಳುವ ಸದ್ಗೃಹಸ್ಥ. ಅವನಲ್ಲಿರುವುದು ಧ್ವನಿ. ಇಂಗ್ಲಿಷಿನ ಪದಗಳನ್ನು ಹಂಗೇರಿಯ ನಾಲಗೆಯಲ್ಲಿ ನಿಧಾನವಾಗಿ, ಒಂದೊಂದನ್ನೂ ತೂಗಿ ಇಳಿಸುವ ಆ ರೀತಿಯನ್ನು ಅಂದಿನಿಂದ ಲೋಕವೆಲ್ಲ ಅನುಕರಿಸಿ ಹಾಸ್ಯಾಸ್ಪದಗೊಳಿಸಿದೆ. ಆದರೂ ಕತ್ತಲಲ್ಲಿ ಕುಳಿತು ಇಂದು ಕೇಳಿದರೆ ಅದರಲ್ಲಿ ಒಂದು ಸೆಳೆತವಿರುವುದು ನಿಜ. ಜನ್ನನ ಯಶೋಧರ ಚರಿತೆಯ ಅಮೃತಮತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯ ಅರಮನೆಯಲ್ಲಿ ಎಲ್ಲಿಂದಲೋ ತೇಲಿಬಂದ ಮಾವುತನ ಹಾಡು ಅವಳನ್ನು ಸೆಳೆಯಿತು. ಆ ಅಷ್ಟಾವಂಕನ ರೂಪವನ್ನು ಕಂಡ ಮೇಲೂ ಸೆಳೆತ ನಿಲ್ಲಲಿಲ್ಲ. ಕಿವಿಯ ಮೂಲಕ ಒಳಗೆ ಬಂದದ್ದನ್ನು ಕಣ್ಣು ಹೊರಗಟ್ಟಲಾರದೆ ಹೋಯಿತು. ಕೆಡುಕು ಕುರೂಪವಾಗಿ ಬಂದರೆ ಓಡಬಹುದು. ಅದು ಇಂಪಾಗಿ ಬರುತ್ತದೆಂಬುದನ್ನು ಜನ್ನನು 1209ರಲ್ಲಿಯೇ ಬರೆದಿಟ್ಟ. ಲುಗೋಸಿಯು ಹಾಗೆ ಇಂಪಾಗಿ ಬರುವವನು.

ಆ ಚಿತ್ರದಲ್ಲಿ ನಾನು ಮತ್ತೆಮತ್ತೆ ನೋಡುವ ಒಂದು ಸಣ್ಣ ಸನ್ನಿವೇಶವಿದೆ. ಕೋಟೆಗೆ ಬಂದ ರೆನ್‌ಫೀಲ್ಡ್ ಕಾಗದಗಳನ್ನು ತೆಗೆಯುವಾಗ ಕ್ಲಿಪ್ಪು ತಾಗಿ ಬೆರಳು ಗೀರುತ್ತದೆ. ಒಂದು ಹನಿ ರಕ್ತ. ಲುಗೋಸಿಯ ಕಣ್ಣುಗಳು ಅಲ್ಲಿಗೆ ಹೋಗಿ ನಿಲ್ಲುತ್ತವೆ. ದೇಹ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಅಷ್ಟರಲ್ಲಿ ಕೊರಳಿನ ಶಿಲುಬೆ ಜಾರಿ ಗಾಯದ ಬೆರಳಿನ ಮುಂದೆ ತೂಗಿದಾಗ ಅವನು ಮುಖ ತಿರುಗಿಸಿಕೊಳ್ಳುತ್ತಾನೆ. ಮರುಕ್ಷಣ ಮತ್ತೆ ಅದೇ ಸಭ್ಯ ಆತಿಥೇಯ. ಇಲ್ಲಿ ಯಾರಿಗೂ ಏನೂ ಆಗಲಿಲ್ಲ. ದ್ರವ್ಯಹಿಂಸೆ ನಡೆಯಲಿಲ್ಲ; ಭಾವಹಿಂಸೆ ಸಂಪೂರ್ಣವಾಗಿ ನಡೆದುಹೋಯಿತು. ಹಿಟ್ಟಿನ ಹುಂಜವನ್ನು ಕಡಿದದ್ದಕ್ಕೆ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿದರೆಂಬ ಕಥೆಯನ್ನು ಹೊಸ ಓದುಗರಿಗೆ ಒಪ್ಪಿಸುವುದು ಕಷ್ಟ. ಸಂಕಲ್ಪವೊಂದೇ ಅಷ್ಟು ಭಾರವಾದುದೇ ಎಂದು ಅವರು ಕೇಳುತ್ತಾರೆ. ಅಂಥವರಿಗೆ ಲುಗೋಸಿಯ ಆ ಮೂರು ನಾಲ್ಕು ಕ್ಷಣಗಳನ್ನು ತೋರಿಸಿದರೆ ಸಾಕೆಂದು ನನಗನ್ನಿಸಿದೆ. ರಕ್ತ ಕುಡಿಯುವ ಯಾವ ದೃಶ್ಯವೂ ಅದಕ್ಕಿಂತ ಭೀಕರವಾಗಿಲ್ಲ.

ಇದು ನಟನ ಸಾಧನೆಯೇ ಹೊರತು ಸನ್ನಿವೇಶದ್ದಲ್ಲ ಎಂಬುದಕ್ಕೆ ಅಪರೂಪದ ಸಾಕ್ಷ್ಯವೂ ಇದೆ. ಅದೇ ನಿರ್ಮಾಣಾಗಾರದಲ್ಲಿ, ಹಗಲು ಬ್ರೌನಿಂಗನ ತಂಡ ಕೆಲಸ ಮಾಡಿ ಹೋದ ಮೇಲೆ ಅದೇ ರಂಗಸಜ್ಜಿನಲ್ಲಿ ರಾತ್ರಿ ಸ್ಪ್ಯಾನಿಷ್ ಭಾಷೆಯ 'ಡ್ರಾಕುಲಾ'ವನ್ನು ಜಾರ್ಜ್ ಮೆಲ್ಫೋರ್ಡ್ ಚಿತ್ರಿಸಿದ. ಡ್ರಾಕುಲಾ ಅಲ್ಲಿ ಕಾರ್ಲೋಸ್ ವಿಯಾರಿಯಾಸ್. ಕ್ಯಾಮೆರಾದ ಚಲನೆಯಲ್ಲಿ ಆ ಚಿತ್ರವೇ ಮೇಲೆಂದು ಹೇಳುವವರೊಂದಿಗೆ ನಾನೂ ಸೇರುತ್ತೇನೆ. ಆದರೆ ವಿಯಾರಿಯಾಸ್ ಕಣ್ಣರಳಿಸಿದಾಗ ಕಣ್ಣರಳಿಸಿದನೆಂದಷ್ಟೇ ತೋರುತ್ತದೆ. ಗೋಡೆ, ಮೆಟ್ಟಿಲು, ಜೇಡರ ಬಲೆ ಎಲ್ಲ ಒಂದೇ. ಕಾಣೆಯಾದದ್ದು ಒಬ್ಬ ಮನುಷ್ಯ.

ಲುಗೋಸಿ ತೆರೆಯ ಮೇಲೆ ಮತ್ತೆ ಡ್ರಾಕುಲಾನಾದದ್ದು ಒಮ್ಮೆ ಮಾತ್ರ, 1948ರ ಒಂದು ಹಾಸ್ಯಚಿತ್ರದಲ್ಲಿ. ಆದರೆ ಆ ನಡುವೆ ಬೇರೆ ಏನಾಗಲೂ ಲೋಕ ಅವನಿಗೆ ಬಿಡಲಿಲ್ಲ. ಮಾರ್ಫೀನಿನ ಚಟಕ್ಕೆ ಬಿದ್ದ, 1955ರಲ್ಲಿ ತಾನಾಗಿಯೇ ಚಿಕಿತ್ಸೆಗೆ ಸೇರಿಕೊಂಡ, ಮರುವರ್ಷ ತೀರಿಕೊಂಡ. ಡ್ರಾಕುಲಾನ ನಿಲುವಂಗಿ ತೊಡಿಸಿಯೇ ಅವನನ್ನು ಮಣ್ಣು ಮಾಡಿದರು. ಅವನ ಮುಖವನ್ನು ಆಟಿಕೆಗಳ ಮೇಲೆ ಅಚ್ಚೊತ್ತಿ ಮಾರುವ ಹಕ್ಕು ಯಾರದೆಂದು ಮಗನೂ ವಿಧವೆಯೂ ಹೂಡಿದ ಮೊಕದ್ದಮೆ 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ವಿರುದ್ಧವಾಗಿ ಮುಗಿಯಿತು. ಯಾರು ಯಾರ ರಕ್ತವನ್ನು ಹೀರಿದರೋ!

ಕ್ರಿಸ್ಟೋಫರ್ ಲೀ ಬಗೆಗೆ ಹೆಚ್ಚು ಹೇಳುವುದಿಲ್ಲ, ಅವನ ಅಭಿಮಾನಿಗಳು ಕ್ಷಮಿಸಲಿ. 1958ರಲ್ಲಿ ಹ್ಯಾಮರ್ ಸಂಸ್ಥೆಗಾಗಿ ಟೆರೆನ್ಸ್ ಫಿಷರ್ ನಿರ್ದೇಶಿಸಿದ ಚಿತ್ರದಲ್ಲಿ ರಕ್ತಕ್ಕೆ ಕೆಂಪು ಬಣ್ಣ ಬಂತು. ಆರಡಿ ಐದಂಗುಲದ ಈ ಇಂಗ್ಲಿಷ್ ನಟ ಮೆಟ್ಟಿಲ ಮೇಲ್ತುದಿಯಲ್ಲಿ ಕರಿಯ ಆಕೃತಿಯಾಗಿ ಕಾಣಿಸಿಕೊಂಡಾಗ ನಾವು ಭಯಕ್ಕೆ ಸಿದ್ಧರಾಗುತ್ತೇವೆ. ಅವನು ಸರಸರನೆ ಇಳಿದುಬಂದು ಕಾರ್ಯನಿರತ ಜಮೀನುದಾರನಂತೆ ಸೌಜನ್ಯದಿಂದ ಮಾತನಾಡುತ್ತಾನೆ. ಅದೊಂದು ಅದ್ಭುತ ಪ್ರವೇಶ. ಕೆಲಹೊತ್ತಿನ ಮೇಲೆ ಅದೇ ಮುಖ ಕೆಂಗಣ್ಣುಗಳಿಂದ, ರಕ್ತ ಸುರಿಯುವ ಬಾಯಿಂದ ಬಾಗಿಲಲ್ಲಿ ನಿಂತಿರುತ್ತದೆ. ಲೀಯ ಡ್ರಾಕುಲಾ ರೌದ್ರ. ಅವನಲ್ಲಿರುವುದು ಹಸಿವಿಗಿಂತ ಹೆಚ್ಚಾಗಿ ಅಧಿಕಾರ. ಆದರೆ ಮೊದಲ ದೃಶ್ಯಗಳ ಅನಂತರ ಅವನಿಗೆ ಮಾತಿಲ್ಲ. 1966ರ ಎರಡನೆಯ ಚಿತ್ರದಲ್ಲಂತೂ ಒಂದು ಮಾತೂ ಇಲ್ಲ. ಬರೆದ ಮಾತುಗಳು ಆಡಲಾಗದಷ್ಟು ಕಳಪೆಯಾಗಿದ್ದವೆಂದು ಲೀ, ತಾನು ಮಾತುಗಳನ್ನೇ ಬರೆಯಲಿಲ್ಲವೆಂದು ಚಿತ್ರಕಥೆಗಾರ ಜಿಮ್ಮಿ ಸ್ಯಾಂಗ್‌ಸ್ಟರ್. 1973ರವರೆಗೆ ಹ್ಯಾಮರ್ ಸಂಸ್ಥೆಗೆ ಒಟ್ಟು ಏಳು ಬಾರಿ ಅವನು ಈ ವೇಷ ತೊಟ್ಟ. ಒಲ್ಲೆನೆಂದಾಗಲೆಲ್ಲ ಎಷ್ಟು ಜನರ ಕೆಲಸ ಹೋಗುವುದೆಂದು ಹೇಳಿ ಒಪ್ಪಿಸುತ್ತಿದ್ದರೆಂದು ಅವನೇ ಹೇಳಿಕೊಂಡಿದ್ದಾನೆ. ಮಾತು ಕಳೆದುಕೊಂಡ ಡ್ರಾಕುಲಾ ಮತ್ತೆ ತಿರ್ಯಂಚನಾಗುತ್ತ ಹೋದ. ಸ್ಟೋಕರನ ಬಿಳಿಮೀಸೆಯ ಮುದುಕನಾಗುವ ಆಸೆಯನ್ನು ಲೀ ತೀರಿಸಿಕೊಂಡದ್ದು 1970ರಲ್ಲಿ, ಹೆಸೂಸ್ ಫ್ರಾಂಕೋ ತೆಗೆದ ಬೇರೊಂದು ಚಿತ್ರದಲ್ಲಿ. ಅಲ್ಲಿ ನೊಣ ತಿನ್ನುವ ಹುಚ್ಚ ರೆನ್‌ಫೀಲ್ಡನ ಪಾತ್ರ ವಹಿಸಿದ್ದ ನಟನ ಹೆಸರನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು: ಕ್ಲಾಸ್ ಕಿನ್ಸ್ಕಿ. ಅವನತ್ತ ಬರುವೆ.

ಅದಕ್ಕೆ ಮೊದಲು ಪ್ರೇಮಿಯಾದ ಡ್ರಾಕುಲಾನನ್ನು ನೋಡಬೇಕು. 1974ರ ದೂರದರ್ಶನಚಿತ್ರದಲ್ಲಿ ಜ್ಯಾಕ್ ಪ್ಯಾಲೆನ್ಸ್ ತನ್ನ ಸತ್ತ ಪ್ರಿಯೆಯನ್ನು ಹೊಸ ಹೆಣ್ಣಿನಲ್ಲಿ ಕಾಣುತ್ತಾನೆ. 1979ರಲ್ಲಿ ಫ್ರ್ಯಾಂಕ್ ಲ್ಯಾಂಜೆಲಾ ಕೂದಲು ಕೆದರಿದ ಸುಂದರಾಂಗನಾಗಿ ಬರುತ್ತಾನೆ. ಈ ದಾರಿಯ ತುದಿ ಕೊಪೊಲಾನ 1992ರ ಚಿತ್ರ, ನಟ ಗ್ಯಾರಿ ಓಲ್ಡ್‌ಮನ್. ಮೂಲಕರ್ತೃವಿನ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟುಕೊಂಡ ಈ ಚಿತ್ರ ಕಾದಂಬರಿಯಲ್ಲಿಲ್ಲದ ಒಂದು ಪೂರ್ವಕಥೆಯಿಂದ ತೊಡಗುತ್ತದೆ. 1462ರಲ್ಲಿ ತುರ್ಕರೊಡನೆ ಯುದ್ಧಕ್ಕೆ ಹೋದ ಗಂಡ ಸತ್ತನೆಂಬ ಸುಳ್ಳು ಸುದ್ದಿ ಕೇಳಿ ಎಲಿಸಬೆತಾ ನದಿಗೆ ಹಾರುತ್ತಾಳೆ. ಆತ್ಮಹತ್ಯೆಯಿಂದ ಅವಳಿಗೆ ಸದ್ಗತಿಯಿಲ್ಲವೆಂದು ಪಾದ್ರಿಗಳು ಹೇಳಿದಾಗ ಗಂಡ ದೇವರನ್ನೇ ಧಿಕ್ಕರಿಸಿ ರಕ್ತಪಾಯಿಯಾಗುತ್ತಾನೆ. ನಾಲ್ಕು ಶತಮಾನಗಳ ಮೇಲೆ ಅವಳೇ ಮೀನಾ ಎಂಬ ಹೆಣ್ಣಾಗಿ ಲಂಡನ್ನಿನಲ್ಲಿ ಸಿಗುತ್ತಾಳೆ. ಭವಾವಳಿಗಳನ್ನು ಓದಿ ಬೆಳೆದ ನನಗೆ ಇದು ಮನೆಯ ಕಥೆಯಂತೆಯೇ ಕೇಳಿಸಿತು, ಹಾಗಾಗಿ ಮೊದಲ ಬಾರಿ ನೋಡಿದಾಗ ಸಂತೋಷವೇ ಆಯಿತು. ಓಲ್ಡ್‌ಮನ್‌ನ ಕೌಶಲವೂ ಅಸಾಧಾರಣವಾದುದು: ವಿಚಿತ್ರ ಮುಡಿಯ, ನೆಲದ ಮೇಲೆ ಹರಿಯುವ ಕೆಂಪು ನಿಲುವಂಗಿಯ ಮುದುಕ, ಅವನ ಮಾತು ಕೇಳದ ಅವನದೇ ನೆರಳು, ಬೂದು ಟೋಪಿ ತೊಟ್ಟ ಯುವಕ, ಅಳುವ ಮೃಗ. ಎಯಿಕೋ ಇಶಿಯೋಕಾ ರೂಪಿಸಿದ ಉಡುಪುಗಳಿಗೆ ಆಸ್ಕರ್ ಬಂದುದು ಸರಿಯಾಗಿಯೇ ಇದೆ.

ಆದರೆ ಜನ್ನನನ್ನೇ ಮತ್ತೆ ತೆರೆದರೆ ಕೊಪೊಲಾ ಎಲ್ಲಿ ಜಾರಿದನೆಂಬುದು ಗೊತ್ತಾಗುತ್ತದೆ. ಅನಂತನಾಥಪುರಾಣದ ಚಂಡಶಾಸನನು ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಬಯಸಿ ಕದ್ದೊಯ್ದವನು. ಅವಳು ಒಲಿಯಲಿಲ್ಲ. ಗಂಡನ ಕತ್ತರಿಸಿದ ತಲೆಯೆಂದು ಕೃತಕವಾದುದೊಂದನ್ನು ಮುಂದಿಟ್ಟಾಗ ಅವಳು ಅಲ್ಲಿಯೇ ಪ್ರಾಣಬಿಟ್ಟಳು. ಚಂಡಶಾಸನನು ಅವಳ ಚಿತೆಯನ್ನೇರಿ ಸುಟ್ಟುಹೋದ. ಇಲ್ಲಿಯೂ ಗಂಡ ಸತ್ತನೆಂಬ ಸುಳ್ಳಿನಿಂದ ಹೆಣ್ಣೊಬ್ಬಳು ಸಾಯುತ್ತಾಳೆ. ಕನ್ನಡದಲ್ಲಿ ಕಾಮದ ದುರಂತವನ್ನು ಇಷ್ಟು ಹತ್ತಿರದಿಂದ ನೋಡಿದ ಕವಿ ಇನ್ನೊಬ್ಬನಿಲ್ಲ. ಚಂಡಶಾಸನನ ಬೇಗೆ ನಮ್ಮನ್ನೂ ಸುಡುವಂತೆ ಬರೆದಿದ್ದಾನೆ. ಆದರೆ ಸುಳ್ಳನ್ನು ಅವಳ ಮುಂದಿಟ್ಟವನು ಚಂಡಶಾಸನನೇ ಎಂಬುದನ್ನು ಕವಿ ಒಂದು ಕ್ಷಣವೂ ಮರೆಯುವುದಿಲ್ಲ. ಕೊಪೊಲಾನ ಚಿತ್ರದಲ್ಲಿ ಸುಳ್ಳು ಹೇಳಿದವರು ಶತ್ರುಗಳು, ಕಠಿಣರಾದವರು ಪಾದ್ರಿಗಳು. ಡ್ರಾಕುಲಾ ಅನ್ಯಾಯಕ್ಕೊಳಗಾದವನಾಗಿ ಕಥೆಯೊಳಗೆ ಬರುತ್ತಾನೆ. ಕೊನೆಯಲ್ಲಿ ಮೀನಾಳ ಕೈಯಲ್ಲಿ ಸಾಯುವಾಗ ಅವನ ಮುಖ ಬೆಳಗುತ್ತದೆ, ಮೇಲಿನ ಗೋಡೆಯ ಚಿತ್ರದಲ್ಲಿ ದಂಪತಿಗಳು ಸ್ವರ್ಗಕ್ಕೇರುತ್ತಾರೆ. ಈ ನಡುವೆ ಅವನ ಮೂವರು ಸಂಗಾತಿಯರಿಗೆ ಆಹಾರವಾದ ಆ ಕೂಸು ಎಲ್ಲಿ ಹೋಯಿತು? ಲೂಸಿ ಏನಾದಳು? ಯಾರೂ ಕೇಳುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಸೀತೆಯ ಬಗೆಗೆ ಕೇಳುವವರು ಈ ಚಿತ್ರವನ್ನು ನೋಡಿ ಕೇಳಿದ್ದರೆ ನಾನು ನಿರುತ್ತರನಾಗುತ್ತಿದ್ದೆ.

ನಾಗಚಂದ್ರನ ರಾವಣ ಹಾಗಲ್ಲ. ಸೀತೆಯ ದೃಢತೆಯನ್ನು ಕಂಡು ಅವನ ಮನಸ್ಸು ತಿಳಿಯಾಗುತ್ತದೆ, ಅವಳನ್ನು ಹಿಂದಿರುಗಿಸುವ ನಿಶ್ಚಯವೂ ಆಗುತ್ತದೆ; ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದೆನೆಂದಾಗುತ್ತದೆ, ಗೆದ್ದು ಒಪ್ಪಿಸುತ್ತೇನೆಂಬ ಮಾನಕಷಾಯ ಅಡ್ಡಬರುತ್ತದೆ. ಅವನನ್ನು ಮುಗಿಸುವುದು ಆ ಮಾನಕಷಾಯ. ನಮ್ಮ ಪರಂಪರೆ ಅವನನ್ನು ಮುಂದೊಂದು ಕಾಲದಲ್ಲಿ ತೀರ್ಥಂಕರನಾಗಲಿರುವ ಜೀವವೆಂದು ಗೌರವಿಸುತ್ತದೆ, ಅದಕ್ಕೆ ಮೊದಲು ನರಕಕ್ಕೂ ಕಳುಹಿಸುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದಿಲ್ಲ. ಕರುಣೆಗಾಗಿ ಲೆಕ್ಕವನ್ನು ಹರಿದುಹಾಕಬೇಕಾಗಿಲ್ಲ.

ಸ್ಟೋಕರನಿಗೂ ಇದು ಹೊಳೆದಿತ್ತು. ಕಾದಂಬರಿಯಲ್ಲಿ ಡ್ರಾಕುಲಾನ ಮೇಲೆ ಕನಿಕರ ತೋರಬೇಕೆಂದು ಗಂಡಸರನ್ನು ಕೇಳಿಕೊಳ್ಳುವವಳು ಮೀನಾ, ಅವನಿಂದ ಕಚ್ಚಿಸಿಕೊಂಡವಳು. ಅವಳು ಅವನನ್ನು ಪ್ರೀತಿಸಿ ಹಾಗೆ ಹೇಳುವುದಿಲ್ಲ. ನಾಳೆ ತಾನೂ ಅವನಂತಾಗಿ ಇಂಥದೇ ಕನಿಕರವನ್ನು ಬೇಡಬೇಕಾದೀತೆಂದು ಹೇಳುತ್ತಾಳೆ. ಅವನು ಸತ್ತ ಕ್ಷಣದಲ್ಲಿ ಮುಖದ ಮೇಲೆ ಶಾಂತಿ ಸುಳಿದದ್ದನ್ನು ದಾಖಲಿಸುವವಳೂ ಅವಳೇ. ಅಷ್ಟೊಂದು ಜನ ಬರೆದ ಆ ಗ್ರಂಥದಲ್ಲಿ ಈ ಒಂದೆರಡು ಪುಟಗಳಿಗಾಗಿಯೇ ನಾನು ಸ್ಟೋಕರನನ್ನು ಗಂಭೀರ ಲೇಖಕನೆಂದು ಎಣಿಸುತ್ತೇನೆ.

ಈಗ ಕಿನ್ಸ್ಕಿ. ವರ್ನರ್ ಹೆರ್ಜಾಗ್ 1979ರಲ್ಲಿ ಮುರ್ನಾವ್‌ನ ಚಿತ್ರವನ್ನು ಮತ್ತೆ ತೆಗೆದಾಗ ಕಿನ್ಸ್ಕಿಗೆ ಶ್ರೆಕ್‌ನ ಮುಖವನ್ನೇ ಕೊಟ್ಟ: ಬೋಳು ತಲೆ, ಚೂಪು ಕಿವಿ, ಇಲಿಯ ಹಲ್ಲು, ಸುಣ್ಣದಂಥ ಬಿಳುಪು. ದಿನವೂ ಗಂಟೆಗಟ್ಟಲೆ ಕುಳಿತು ಹಚ್ಚಿಸಿಕೊಳ್ಳಬೇಕಾದ ಬಣ್ಣ. ಚಿತ್ರೀಕರಣದಲ್ಲಿ ಕೂಗಾಟಕ್ಕೆ ಕುಖ್ಯಾತನಾದ ಈ ನಟ ಇಲ್ಲಿ ಆಯಾಸಗೊಂಡವನಂತೆ, ಪಿಸುದನಿಯಲ್ಲಿ, ಉಸಿರಿಗೆ ತಡಕಾಡುತ್ತ ಮಾತನಾಡುತ್ತಾನೆ. ಶ್ರೆಕ್ ಮನುಷ್ಯನ ದೇಹದಿಂದ ಮನುಷ್ಯನನ್ನು ತೆಗೆದ. ಕಿನ್ಸ್ಕಿ ಇಲಿಯ ಮುಖದೊಳಗೆ ಮನುಷ್ಯನನ್ನು ಇಟ್ಟ. ಸಾಯಲಾರದೆ ಶತಮಾನಗಳನ್ನು ದಾಟುತ್ತ, ಪ್ರತಿದಿನವೂ ಅದೇ ವ್ಯರ್ಥವನ್ನು ಅನುಭವಿಸುವುದರ ಭೀಕರತೆಯನ್ನು ಅವನು ದೂರಿನ ದನಿಯಿಲ್ಲದೆ ಹೇಳುತ್ತಾನೆ. ಅಮರತ್ವವನ್ನು ವರವೆಂದಲ್ಲ, ಸಂಸಾರವೆಂದು ಕಂಡ ಡ್ರಾಕುಲಾ ಇವನೊಬ್ಬನೇ. ಮೋಕ್ಷದ ಕಲ್ಪನೆಯೇ ಇಲ್ಲದೆ ಬರಿಯ ಭವಭ್ರಮಣವನ್ನು ತಿಳಿದವನ ಮುಖ ಹೀಗೆಯೇ ಇದ್ದೀತು.

ಹಾಗೆಂದು ಅವನು ಬಿಡುವುದಿಲ್ಲ. ಹಾರ್ಕರನ ಬೆರಳು ಚಾಕುವಿಗೆ ಸಿಕ್ಕಿ ಗೀರಿದಾಗ ಕಿನ್ಸ್ಕಿ ಉಪಚಾರದ ಮಾತಾಡುತ್ತಲೇ ಬಂದು ಬೆರಳಿಗೆ ಬಾಯಿಡುತ್ತಾನೆ. ಲುಗೋಸಿಯಂತೆ ಸಭ್ಯತೆಗೆ ಮರಳಲು ಅವನಿಗೆ ಸಾಧ್ಯವಾಗುವುದಿಲ್ಲ. ಊರಿಗೆ ಊರೇ ಪ್ಲೇಗಿನಿಂದ ಸಾಯುತ್ತದೆ. ಚೌಕದಲ್ಲಿ ಇಲಿಗಳ ನಡುವೆ ಮೇಜು ಹಾಕಿ ಬದುಕಿ ಉಳಿದವರು ಕೊನೆಯ ಊಟ ಮಾಡುವ ದೃಶ್ಯವನ್ನು ಹೆರ್ಜಾಗ್ ನಮ್ಮ ಕಣ್ಣಿಗೆ ತುಂಬಿಸುತ್ತಾನೆ, ಶವಪೆಟ್ಟಿಗೆಗಳ ಮೆರವಣಿಗೆಯನ್ನೂ. ಡ್ರಾಕುಲಾನ ಮೇಲೆ ನಮಗೆ ಎಷ್ಟೇ ಕನಿಕರ ಬರಲಿ, ಲೆಕ್ಕ ಚೌಕದಲ್ಲಿ ಬಿದ್ದಿರುತ್ತದೆ.

2024ರಲ್ಲಿ ರಾಬರ್ಟ್ ಎಗರ್ಸ್ ಅದೇ ಕಥೆಯನ್ನು ಮತ್ತೆ ಚಿತ್ರಿಸಿ, ಬಿಲ್ ಸ್ಕಾರ್ಸ್‌ಗಾರ್ಡ್‌ಗೆ ಸ್ಟೋಕರನ ಮೀಸೆಯನ್ನು ಮರಳಿ ಕೊಟ್ಟಿದ್ದಾನೆ. ಆ ಗುಡುಗಿನಂಥ ಧ್ವನಿ ಮೆಚ್ಚಬೇಕಾದದ್ದೇ. ಆದರೆ ಅವನು ತಾನು ಹಸಿವಲ್ಲದೆ ಬೇರೇನೂ ಅಲ್ಲವೆಂದು ಸಾರುವವನು. ಶ್ರೆಕ್‌ನ ದಾರಿಗೆ ಹಿಂದಿರುಗಿದವನು.

ಮುರ್ನಾವ್‌ನ ಚಿತ್ರದ ಕೊನೆಯಲ್ಲಿ ಒಂದು ಹುಂಜ ಕೂಗುತ್ತದೆ. ಮೂಕಚಿತ್ರವಾದ್ದರಿಂದ ಕೊಕ್ಕು ತೆರೆಯುವುದಷ್ಟೇ ಕಾಣುತ್ತದೆ, ಸದ್ದಿಲ್ಲ. ಜನ್ನನ ಹಿಟ್ಟಿನ ಹುಂಜವನ್ನು ಬಲ್ಲವರಿಗೆ ಆ ಮೌನದ ಕೂಗು ಕೇಳಿಸದಿರದು. ಹೆರ್ಜಾಗನ ಚಿತ್ರದಲ್ಲಿ ಇದೇ ಸನ್ನಿವೇಶ ಬಂದಾಗ ಲೂಸಿಯ ಪಾತ್ರದಲ್ಲಿರುವ ಇಸಬೆಲ್ ಅಜಾನಿ, ಊರನ್ನು ಉಳಿಸಲು ತನ್ನ ಕೊರಳನ್ನು ತಾನೇ ಒಡ್ಡಿ, ಬೆಳಗಾಗುವವರೆಗೆ ಅವನನ್ನು ಹಿಡಿದಿಟ್ಟಿದ್ದಾಳೆ. ಕಿಟಕಿಯಾಚೆ ಬೆಳಕು ಬಂದದ್ದು ತಿಳಿದು ಕಿನ್ಸ್ಕಿ ತಲೆಯೆತ್ತುತ್ತಾನೆ. ಹೋಗಲು ಇನ್ನೂ ಸಮಯವಿದೆ. ಅವಳ ಕೈ ಅವನ ತಲೆಯನ್ನು ಮೆಲ್ಲನೆ ಮತ್ತೆ ತನ್ನೆಡೆಗೆ ಎಳೆಯುತ್ತದೆ. ಅವನು ಒಂದು ಕ್ಷಣ ಅವಳ ಮುಖವನ್ನು ನೋಡಿ ಮತ್ತೆ ತಲೆ ಬಾಗಿಸುತ್ತಾನೆ. ಹಸಿವೆಯಿಂದ ಬಾಗಿದನೋ, ಇರು ಎಂದು ಯಾರೋ ಹೇಳಿದ್ದು ಇದೇ ಮೊದಲೆಂದು ಬಾಗಿದನೋ, ಅಥವಾ ಬೆಳಕನ್ನು ಬಲ್ಲವನಾಗಿ ಬೇಕೆಂದೇ ಬಾಗಿದನೋ, ಕಿನ್ಸ್ಕಿಯ ಕಣ್ಣುಗಳು ಹೇಳುವುದಿಲ್ಲ.